ಕಡಲನ್ನು ಬಿಡಿಬಿಡಿಯಾಗಿ ಕಲಿತದ್ದು: ಒಳನಾಡಿನಿಂದ ಮೊದಲ ದೀರ್ಘ ಟ್ರಯಥ್ಲಾನ್

ಕಡಲ ದಂಡೆಯಲ್ಲಿ ಎರಡು ತಿಂಗಳಾದರೂ ಠಿಕಾಣಿ ಹೂಡದೆ ಪೂರ್ಣ ದೂರದ ಟ್ರಯಥ್ಲಾನ್‌ಗೆ ಇಳಿಯಬಾರದು ಎಂದು ನನಗೆ ಬುದ್ಧಿ ಹೇಳದವರೇ ಇಲ್ಲ. ಜೊತೆಗೆ ಈಜುವವರು ಹೇಳಿದರು, ಸೈಕಲ್ ಗುಂಪಿನವರು ಹೇಳಿದರು, ಹಣ ತೆಗೆದುಕೊಂಡು ತರಬೇತಿ ಕೊಡುತ್ತಿದ್ದವರೂ ಹೇಳಿದರು. ಈಗ 3.8 ಕಿ.ಮೀ. ಕಡಲ ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ ಮುಗಿಸಿ, 17 ಗಂಟೆಯ ಗಡುವಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ಉಳಿಸಿಕೊಂಡು ಗೆರೆ ದಾಟಿದ್ದೇನೆ. ತಯಾರಿಯ ಬಹುಪಾಲು ನಡೆದದ್ದು 25 ಮೀಟರಿನ ಈಜುಕೊಳದಲ್ಲಿ, ಒಂದು ಕೆರೆಯಲ್ಲಿ ಮತ್ತು ಮನೆಯ ಬಚ್ಚಲಲ್ಲಿ. ಹೇಗೆ ಮಾಡಿದೆ ಎಂದು ಕೇಳುವವರು ಹೆಚ್ಚಾಗಿರುವುದರಿಂದ ಒಂದೇ ಕಡೆ ಬರೆದಿಡುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಕೊಟ್ಟವು, ಅಲ್ಲಿ ಇಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ವಾರಕ್ಕೆ ಎಷ್ಟು ಗಂಟೆ, ಯಾವ ದಿನ ಬ್ರಿಕ್ (ಸೈಕಲ್ ಇಳಿದ ಕೂಡಲೇ ಓಟ), ಟೇಪರ್ (ಸ್ಪರ್ಧೆಗೆ ಮುಂಚೆ ಅಭ್ಯಾಸ ಇಳಿಸುವುದು) ಎಷ್ಟು ವಾರ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಇದನ್ನು ಓದುವವರು ಒಂದೆರಡು ಅರ್ಧದೂರದ ಸ್ಪರ್ಧೆಗಳನ್ನಾದರೂ ನೋಡಿರುತ್ತಾರೆ. ನನ್ನದು ವಾರಕ್ಕೆ ಹತ್ತರಿಂದ ಹದಿಮೂರು ಗಂಟೆ, ಕೊನೆಯ ಎರಡು ತಿಂಗಳು ಹದಿನೈದರ ಆಸುಪಾಸು. ಅದರಲ್ಲಿ ಹೊಸತೇನೂ ಇಲ್ಲ. ಹೊಸತು ಇರುವುದು ಈಜಿನಲ್ಲಿ, ಬೆವರಿನಲ್ಲಿ ಮತ್ತು ಹೊಟ್ಟೆಯಲ್ಲಿ.

ಮೊದಲು ಎಲ್ಲರೂ ಹೇಳುವ ದಾರಿಯಲ್ಲೇ ಹೋದೆ. ಕೊಳದಲ್ಲಿ ದೂರ ಹೆಚ್ಚಿಸುತ್ತಾ ಹೋದರೆ ಕಡಲ ಈಜು ತಾನಾಗಿ ಒಲಿಯುತ್ತದೆ ಎನ್ನುವ ದಾರಿ ಅದು. ನಾಲ್ಕು ಕಿಲೋಮೀಟರನ್ನು ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಆಯಾಸವಿಲ್ಲದೆ ಮುಗಿಸುತ್ತಿದ್ದೆ. ಆ ಧೈರ್ಯದ ಮೇಲೆ ಕಡಲಲ್ಲಿ ನಡೆಯುವ ಅರ್ಧದೂರದ ಸ್ಪರ್ಧೆಗೆ ಹೆಸರು ಕೊಟ್ಟೆ. ಈಜು ಬರೀ 1.9 ಕಿ.ಮೀ. ಮೊದಲ ತೇಲುಗುರುತಿನವರೆಗೆ ಎಲ್ಲವೂ ಸರಿಯಾಗಿತ್ತು. ಅದನ್ನು ಸುತ್ತಿ ದಡಕ್ಕೆ ಸಮಾನಾಂತರವಾಗಿ ತಿರುಗಿದ ಕೂಡಲೇ ಅಲೆ ಪಕ್ಕದಿಂದ ಬರತೊಡಗಿತು. ನಾನು ಉಸಿರು ತೆಗೆದುಕೊಳ್ಳುವ ಬದಿಯೂ ಅದೇ. ಬಾಯಿ ತೆರೆದಾಗಲೆಲ್ಲ ಉಪ್ಪುನೀರು. ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆ ತೊಳಸಿ, ನೀರಿನಲ್ಲೇ ವಾಂತಿಯಾಯಿತು. ದಡ ಹತ್ತಿದಾಗ ಗಡುವಿಗೆ ಕೆಲವೇ ನಿಮಿಷ ಉಳಿದಿತ್ತು. ಸೈಕಲ್ ಮೇಲೆ ಜೆಲ್ (ಶಕ್ತಿಗಾಗಿ ಹೀರುವ ಸಿಹಿ ಪಾಕ) ತುಟಿಗಿಟ್ಟರೆ ಮತ್ತೆ ವಾಕರಿಕೆ. ತೊಂಬತ್ತು ಕಿಲೋಮೀಟರನ್ನು ಬರೀ ನೀರು ಕುಡಿದೇ ತಳ್ಳಿ ಓಟಕ್ಕಿಳಿದೆ, ಓಟದ ಅರ್ಧದಲ್ಲಿ ಕಾಲು ನಿಂತಿತು.

ಕಾಲಿನ ಬಲಕ್ಕೂ ಆ ಸೋಲಿಗೂ ಸಂಬಂಧವೇ ಇರಲಿಲ್ಲ. ಪೂರ್ಣ ದೂರದಲ್ಲಿ ಈಜಿಗೆ ಹೋಗುವುದು ಒಟ್ಟು ಸಮಯದ ಹತ್ತರಲ್ಲಿ ಒಂದು ಭಾಗ, ಹಾಗಾಗಿ ಹೇಗೋ ದಾಟಿದರೆ ಸಾಕು ಎನ್ನುವವರು ಬಹಳ ಮಂದಿ. ಆದರೆ ಆ ಒಂದು ಭಾಗ ಹೊಟ್ಟೆಯನ್ನು ಕೆಡಿಸಿದರೆ ಉಳಿದ ಒಂಬತ್ತು ಭಾಗಕ್ಕೆ ಇಂಧನವೇ ಇರುವುದಿಲ್ಲ. 1978ರಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ ಈ ಪೂರ್ಣ ದೂರದ ಮೊದಲ ಸ್ಪರ್ಧೆ ನಡೆದಾಗ ಈಜಿನ ದೂರವನ್ನು ತೆಗೆದುಕೊಂಡದ್ದು ವೈಕಿಕಿ ರಫ್‌ವಾಟರ್ ಸ್ವಿಮ್ ಎಂಬ ತೆರೆದ ಕಡಲಿನ ಸ್ಪರ್ಧೆಯಿಂದ. ಅಂದು ಹೊರಟವರು 15 ಮಂದಿ, ಮುಗಿಸಿದವರು 12. ಈ ಕ್ರೀಡೆ ಕಡಲಿನಿಂದಲೇ ಹುಟ್ಟಿದೆ. ಕಡಲನ್ನು ಬದಿಗಿಟ್ಟು ತಯಾರಾಗುತ್ತೇನೆ ಎಂದರೆ ನಡೆಯುವುದಿಲ್ಲ.

ಎರಡನೆಯ ದಾರಿ, ವಾರಾಂತ್ಯಕ್ಕೆ ಕಡಲಿಗೆ ಹೋಗಿ ಬರುವುದು. ಒಂದು ಋತುವಿಡೀ ಹಾಗೆ ಮಾಡಿದೆ. ರಾತ್ರಿಯಿಡೀ ಪ್ರಯಾಣ, ಬೆಳಗ್ಗೆ ನೀರಿಗೆ ಇಳಿಯುವುದು, ಮಧ್ಯಾಹ್ನ ಮರಳುವುದು. ಒಂದು ಸಲ ಕಡಲು ಕೆರೆಯಂತೆ ಸುಮ್ಮನಿರುತ್ತಿತ್ತು, ಇನ್ನೊಂದು ಸಲ ಕೆಂಪು ಬಾವುಟ ಹಾರುತ್ತಿತ್ತು, ಒಂದೆರಡು ಸಲ ನಿದ್ದೆಗೆಟ್ಟು ಅರ್ಧ ಗಂಟೆಯೂ ಈಜಲಾಗಲಿಲ್ಲ. ಒಂದು ವಾರಾಂತ್ಯದ ಖರ್ಚಿನಲ್ಲಿ ಎರಡು ತಿಂಗಳ ಈಜುಕೊಳದ ಶುಲ್ಕ ಕಟ್ಟಬಹುದಿತ್ತು. ನೀರಿನಲ್ಲಿ ಕಳೆದದ್ದು ಒಂದು ಗಂಟೆ, ರಸ್ತೆಯಲ್ಲಿ ಕಳೆದದ್ದು ಹದಿನಾರು ಗಂಟೆ. ಭಾನುವಾರದ ದೀರ್ಘ ಸವಾರಿಯೂ ತಪ್ಪುತ್ತಿತ್ತು. ಕಡಲು ಅವತ್ತು ಏನು ಕೊಡುತ್ತದೋ ಅದನ್ನೇ ಕಲಿಯಬೇಕು. ನನಗೆ ಬೇಕಾದ ಪಾಠವನ್ನು ಬೇಕಾದಾಗ ಕೊಡು ಎಂದು ಕೇಳುವಂತಿಲ್ಲ.

ಆಮೇಲೆ ಕಾಗದದ ಮೇಲೆ ಬರೆಯುತ್ತಾ ಕುಳಿತೆ. ಕೊಳದಲ್ಲಿ ಇಲ್ಲದ್ದು ಕಡಲಲ್ಲಿ ಏನೇನಿದೆ? ಒದೆಯಲು ಗೋಡೆ ಇಲ್ಲ. ತಳದಲ್ಲಿ ಕಪ್ಪು ಗೆರೆ ಇಲ್ಲ. ಅಲೆ ಇದೆ, ಉಪ್ಪು ಇದೆ, ಸೆಳೆತ ಇದೆ, ಪಕ್ಕದವರ ಕೈಕಾಲು ಇದೆ, ಎದುರು ಬಿಸಿಲಿದೆ. ಎಲ್ಲವೂ ಒಟ್ಟಿಗೆ ಬಂದಾಗ ಕಡಲು ಅಂಜಿಸುತ್ತದೆ. ಒಂದೊಂದನ್ನೇ ಬೇರೆ ಮಾಡಿದರೆ ಸೆಳೆತವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಒಳನಾಡಿನಲ್ಲೇ ತಯಾರಿಸಿಕೊಳ್ಳಬಹುದು. ನನ್ನ ಇಡೀ ವಿಧಾನ ಇಷ್ಟೇ.

ಗೋಡೆಯಿಂದ ಆರಂಭಿಸಿದೆ. 25 ಮೀಟರಿನ ಕೊಳದಲ್ಲಿ 3.8 ಕಿ.ಮೀ. ಈಜಿದರೆ ನೂರೈವತ್ತೊಂದು ಸಲ ತಿರುಗುತ್ತೀರಿ, ಪ್ರತಿ ಸಲವೂ ನಾಲ್ಕೈದು ಮೀಟರ್ ಬಿಟ್ಟಿಯಾಗಿ ಸಿಗುತ್ತದೆ, ಭುಜಕ್ಕೆ ಎರಡು ಸೆಕೆಂಡ್ ಬಿಡುವೂ ಸಿಗುತ್ತದೆ. ಆದ್ದರಿಂದ ಗೋಡೆ ಮುಟ್ಟದೆ, ತಳದ ಗೆರೆ ಮುಗಿಯುವ ಕಡೆಯಲ್ಲೇ ತಿರುಗತೊಡಗಿದೆ. ಒದೆತ ಇಲ್ಲ, ಜಾರುವುದು ಇಲ್ಲ, ನಿಂತ ನೀರಿನಿಂದ ಮತ್ತೆ ವೇಗ ಹಿಡಿಯಬೇಕು. ಮೊದಲ ವಾರ ನೂರು ಮೀಟರಿಗೆ ಹತ್ತು ಹನ್ನೆರಡು ಸೆಕೆಂಡ್ ನಿಧಾನವಾಯಿತು. ನಿಜವಾದ ವೇಗ ಅದೇ. ಎರಡು ತಿಂಗಳಲ್ಲಿ ಅಂತರ ಅರ್ಧಕ್ಕಿಂತ ಕಡಿಮೆಯಾಯಿತು. ಕಡಲ ಈಜಿಗೆ ಹೆಸರು ಕೊಟ್ಟವರು ಕೊಳದ ಸಮಯವನ್ನು ನಂಬಿ ಲೆಕ್ಕ ಹಾಕುವುದು ಬೇಡ.

ಕಪ್ಪು ಗೆರೆಯ ವಿಷಯಕ್ಕೆ, ಕೊಳ ಖಾಲಿ ಇದ್ದಾಗ ಕಣ್ಣು ಮುಚ್ಚಿ ಈಜಿ ಎಷ್ಟು ಸ್ಟ್ರೋಕ್‌ಗೆ ಪಕ್ಕದ ಹಗ್ಗ ತಾಗುತ್ತದೆ ಎಂದು ಎಣಿಸಿದೆ. ಎಂಟೊಂಬತ್ತಕ್ಕೆ ಬಲಗಡೆ ತಾಗುತ್ತಿತ್ತು. ಎರಡೂ ಬದಿ ಉಸಿರಾಡುವುದನ್ನು ರೂಢಿಸಿಕೊಂಡ ಮೇಲೆ ಇಪ್ಪತ್ತು ದಾಟಿತು. ಕೆರೆಯಲ್ಲಿ ಇದರ ಫಲ ದೂರ ಅಳೆಯುವ ಕೈಗಡಿಯಾರದಲ್ಲೇ ಕಾಣಿಸಿತು: ಮೊದಲು 3.8 ಕಿ.ಮೀ. ಸುತ್ತು 4.2 ಎಂದು ತೋರಿಸುತ್ತಿತ್ತು, ಕೊನೆಗೆ 3.9. ಮುನ್ನೂರು ಮೀಟರ್ ಉಳಿತಾಯ ಎಂದರೆ ನನ್ನ ವೇಗದಲ್ಲಿ ಆರು ನಿಮಿಷಕ್ಕೂ ಹೆಚ್ಚು. ಅಷ್ಟನ್ನು ದಮ್ಮು ಕಟ್ಟಿ ಗಳಿಸಬೇಕಾದರೆ ಒಂದು ವರ್ಷ ಹಿಡಿಯುತ್ತದೆ.

ತಲೆಯೆತ್ತಿ ಗುರುತು ನೋಡುವ ಅಭ್ಯಾಸಕ್ಕೆ ಬಣ್ಣದ ಬಾಟಲಿಯೊಂದೇ ಸಾಧನ. ಜೊತೆಗಾರನೊಬ್ಬ ಕೊಳದ ಎದುರು ದಂಡೆಯಲ್ಲಿ ಬಾಟಲಿ ಇಡುತ್ತಾನೆ, ನಾನು ಮುಖ ನೀರಿನಲ್ಲಿಟ್ಟ ಕೂಡಲೇ ಅದರ ಜಾಗ ಬದಲಿಸುತ್ತಾನೆ. ಆರೇಳು ಸ್ಟ್ರೋಕ್‌ಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬರುವಂತೆ ಹಣೆ ಎತ್ತಿ, ಬಾಟಲಿ ಎಲ್ಲಿದೆ ಎಂದು ನೋಡಿ, ಅತ್ತ ತಿರುಗಬೇಕು. ಬಾಯಿ ಮೇಲೆ ಬಂದರೆ ಸೊಂಟ ಮುಳುಗಿತು ಎಂದೇ ಲೆಕ್ಕ. ಒಂದು ನೋಟದಲ್ಲಿ ಕಾಣದಿದ್ದರೆ ಹುಡುಕುತ್ತಾ ನಿಲ್ಲದೆ, ತಲೆ ಇಳಿಸಿ ಎರಡು ಸ್ಟ್ರೋಕ್ ಹಾಕಿ ಮತ್ತೆ ನೋಡಬೇಕು. ಕಡಲಲ್ಲಿ ಅಲೆಯ ನೆತ್ತಿಯ ಮೇಲಿದ್ದಾಗ ಮಾತ್ರ ನೋಡಿದರೆ ಪ್ರಯೋಜನ. ಅಲೆಯ ತಗ್ಗಿನಿಂದ ಕಾಣುವುದು ನೀರಿನ ಗೋಡೆಯೊಂದೇ.

ಅಲೆಗಾಗಿ ಕೊಳ ಮುಚ್ಚುವ ಹೊತ್ತಿನ ಕೊನೆಯ ಅರ್ಧ ಗಂಟೆಯನ್ನು ನಾವು ನಾಲ್ವರು ಹಣ ಹಾಕಿ ಗೊತ್ತು ಮಾಡಿಕೊಂಡೆವು. ಕೊಳದ ಹಗ್ಗಗಳು ಅಲೆಯನ್ನು ಹೀರಲೆಂದೇ ಇರುವವು, ಅವನ್ನು ತೆಗೆಸಿದೆವು. ಇಬ್ಬರು ಪಕ್ಕದಲ್ಲಿ ನಿಂತು ಕಿಕ್‌ಬೋರ್ಡ್ ಎಂಬ ತೇಲುಹಲಗೆಯಿಂದ ನೀರು ತಳ್ಳುವುದು, ಒಬ್ಬ ನನ್ನ ಕಾಲಿಗೆ ತಾಗಿಕೊಂಡೇ ಈಜುವುದು. ಗೋಡೆಯ ಹತ್ತಿರ ಈಜಿದರೆ ಅಲೆ ಬಡಿದು ವಾಪಸು ಬರುತ್ತದೆ, ಎರಡು ಕಡೆಯಿಂದಲೂ ಏಟು ಬೀಳುತ್ತದೆ. ಬಾಯಿಗೆ ನೀರು ಬಂದರೆ ಉಗುಳಿ, ಆ ಉಸಿರನ್ನು ಬಿಟ್ಟುಕೊಟ್ಟು, ಇನ್ನೊಂದು ಬದಿಗೆ ಹೋಗುವುದು. ಅಭ್ಯಾಸ ಇಷ್ಟೇ, ಆದರೆ ಗಾಬರಿ ಅಲ್ಲೇ ಸಾಯುತ್ತದೆ. ಇದರ ಜೊತೆ ಉಸಿರು ಕಟ್ಟಿ ದೂರ ಈಜುವ ಅಭ್ಯಾಸವನ್ನು ಕೆಲವರು ಹೇಳಿಕೊಡುತ್ತಾರೆ. ಅದನ್ನು ಮಾಡಬೇಡಿ. ನೀರಿನಡಿ ಪ್ರಜ್ಞೆ ತಪ್ಪುವುದು ಮುನ್ಸೂಚನೆ ಕೊಟ್ಟು ಬರುವುದಿಲ್ಲ, ಒಳ್ಳೆಯ ಈಜುಗಾರರೇ ಹಾಗೆ ಸತ್ತಿದ್ದಾರೆ. ಕೆರೆಗೂ ಒಬ್ಬರೇ ಇಳಿಯಬೇಡಿ. ಸೊಂಟಕ್ಕೆ ಬಣ್ಣದ ತೇಲುಚೀಲ ಇರಲಿ, ಜೊತೆಗೊಬ್ಬರಿರಲಿ.

ಇನ್ನು ಉಪ್ಪು. ಬಹಳ ಮಂದಿ ನಕ್ಕದ್ದು ಇದಕ್ಕೇ, ಬಹಳ ಲಾಭವಾದದ್ದೂ ಇದರಿಂದಲೇ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಲೋಟಕ್ಕೆ ಎಂಟೊಂಬತ್ತು ಗ್ರಾಂ ಕದಡಿ, ಕೊಳಕ್ಕೆ ಇಳಿಯುವ ಮುಂಚೆ ಮತ್ತು ಸೆಟ್‌ಗಳ ನಡುವೆ ಬಾಯಿ ತುಂಬಿಕೊಂಡು ಮುಕ್ಕಳಿಸಿ ಉಗುಳುತ್ತಿದ್ದೆ. ಕುಡಿಯಬಾರದು. ಮೂರು ವಾರದಲ್ಲಿ ವಾಕರಿಕೆ ಹೋಯಿತು, ಆದರೆ ಇನ್ನೊಂದು ಸಂಗತಿ ತಿಳಿಯಿತು: ಉಪ್ಪಿಗೆ ನಾಲಿಗೆ ದಪ್ಪಗಾದ ಬಾಯಿಗೆ ಜೆಲ್‌ನ ಸಿಹಿ ಹಿಡಿಸುವುದೇ ಇಲ್ಲ. ಸೈಕಲ್ ಹತ್ತಿದ ಕೂಡಲೇ ಜೆಲ್ ತಿನ್ನಬೇಕು ಎಂಬ ನಿಯಮವನ್ನು ಅಲ್ಲಿಗೇ ಬಿಟ್ಟೆ. ಟ್ರಾನ್ಸಿಷನ್‌ನಲ್ಲಿ (ಈಜು ಮುಗಿಸಿ ಸೈಕಲ್ ಹತ್ತುವ ಜಾಗ) ಸಿಹಿನೀರಿನಿಂದ ಎರಡು ಸಲ ಬಾಯಿ ಮುಕ್ಕಳಿಸುವುದು, ಮೊದಲ ಇಪ್ಪತ್ತು ನಿಮಿಷ ಬರಿ ನೀರಿನ ಗುಟುಕು, ಆಮೇಲೆ ಆಹಾರ. ಹಿಂದಿನ ಸ್ಪರ್ಧೆಯಲ್ಲಿ ಹೊಟ್ಟೆ ಕೈಕೊಟ್ಟದ್ದರಲ್ಲಿ ಅರ್ಧ ಇದಕ್ಕೇ ಸೇರಿದ್ದು.

ಉಳಿದದ್ದು ಚರ್ಮ. ಹತ್ತು ಲೀಟರ್ ಬಕೆಟ್‌ಗೆ 350 ಗ್ರಾಂ ಉಪ್ಪು ಹಾಕಿ, ಟ್ರೈಸೂಟನ್ನು (ಈಜು, ಸೈಕಲ್, ಓಟ ಮೂರಕ್ಕೂ ತೊಡುವ ಒಂದೇ ಉಡುಪು) ಅದರಲ್ಲಿ ಅದ್ದಿ, ಹಿಂಡದೆ ತೊಟ್ಟುಕೊಂಡು ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸಾಧನ) ಮೇಲೆ ಮೂರು ಗಂಟೆ, ಆಮೇಲೆ ಒಂದು ಗಂಟೆ ಓಟ. ಒಂದೂವರೆ ಗಂಟೆಗೆ ಬಟ್ಟೆ ಒಣಗಿ, ತೊಡೆಯ ಹೊಲಿಗೆಯ ಉದ್ದಕ್ಕೂ ಬಿಳಿ ಗೆರೆ ಎದ್ದಿತ್ತು; ಬೆರಳಾಡಿಸಿದರೆ ಹರಳು ತಾಗುತ್ತಿತ್ತು. ಆ ಗೆರೆಯೇ ಚರ್ಮ ಸುಲಿಯುವ ಜಾಗ. ಕುತ್ತಿಗೆಯ ಹಿಂಭಾಗ, ಕಂಕುಳು, ಎದೆಬಡಿತದ ಪಟ್ಟಿಯ ಕೆಳಗೆ, ಸೀಟಿಗೆ ತಾಗುವ ಹೊಲಿಗೆ, ಹಿಮ್ಮಡಿ. ಐದು ಕಡೆಯೂ ಕೆಂಪಾಗಿ ಉರಿಯಿತು. ಸಾದಾ ಬೆವರಿನ ದೀರ್ಘ ಸವಾರಿಯಲ್ಲಿ ಇವುಗಳಲ್ಲಿ ಮೂರು ಕಡೆ ಏನೂ ಆಗುತ್ತಿರಲಿಲ್ಲ. ಎರಡು ಬಗೆಯ ಸೂಟು, ಮೂರು ಬಗೆಯ ಲೇಪ ಅದಲುಬದಲು ಮಾಡಿ ನೋಡಿದೆ. ಪೆಟ್ರೋಲಿಯಂ ಜೆಲ್ಲಿ ಅಗ್ಗ, ಆದರೆ ಬೆರಳಿನಿಂದ ಗಾಗಲ್ಸ್‌ಗೆ ಅಂಟಿದರೆ ಎದುರಿನದು ಕಾಣುವುದಿಲ್ಲ, ತಣ್ಣೀರಿಗೆ ತೊಡುವ ರಬ್ಬರ್ ಉಡುಪಾದ ವೆಟ್‌ಸೂಟ್‌ಗೂ ಒಳ್ಳೆಯದಲ್ಲ. ಸಿಲಿಕೋನ್ ಇರುವ ಲೇಪ ದುಬಾರಿ, ನೀರಿನಲ್ಲಿ ಹೆಚ್ಚು ಹೊತ್ತು ನಿಂತಿತು. ಯಾವುದನ್ನು ಯಾವುದರ ಮೇಲೆ ಹಚ್ಚಿದರೆ ಹನ್ನೆರಡು ಗಂಟೆ ತಡೆಯುತ್ತದೆ ಎಂಬುದನ್ನು ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಮುಂದಿನ ಸಲ ನನ್ನ ವಯೋಗುಂಪಿನಲ್ಲಿ ಓಡುವವರೂ ಇದನ್ನು ಓದುತ್ತಾರೆ.

ಉಪ್ಪಿನ ಜಾಡಿನಲ್ಲೇ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ತೂಕದ್ದು, ದೇಹ ಎತ್ತರದಲ್ಲಿ ತೇಲುತ್ತದೆ. ಅದನ್ನು ಮೊದಲೇ ಅನುಭವಿಸೋಣ ಎಂದು ಮಹಡಿಯ ಮೇಲೆ ಗಾಳಿ ತುಂಬುವ ತೊಟ್ಟಿ ಇಟ್ಟು, ಎರಡು ಸಾವಿರ ಲೀಟರಿನಷ್ಟು ನೀರಿಗೆ 70 ಕೆ.ಜಿ. ಉಪ್ಪು ಸುರಿದು, ಸೊಂಟಕ್ಕೆ ರಬ್ಬರ್ ಹಗ್ಗ ಕಟ್ಟಿ ನಿಂತಲ್ಲೇ ಈಜಿದೆ. ಕಾಲು ತಾನಾಗಿ ಮೇಲೆ ಬರುವುದು, ಕಿಕ್ ಗಾಳಿಗೆ ಹೋಗುವುದು, ಇವೆಲ್ಲ ತಿಳಿಯಿತು. ಆದರೆ ಕೈ ತಳಕ್ಕೆ ತಾಗುತ್ತಿತ್ತು, ಪಕ್ಕದ ಕಬ್ಬಿಣದ ಸರಳು ತುಕ್ಕು ಹಿಡಿಯಿತು, ಆ ನೀರನ್ನು ಗಿಡಕ್ಕೂ ಹಾಕುವಂತಿಲ್ಲ. ತೊಟ್ಟಿ, ಉಪ್ಪು, ನೀರು ಎಲ್ಲ ಸೇರಿದರೆ ಒಂದು ಜೊತೆ ಒಳ್ಳೆಯ ಓಟದ ಬೂಟಿನ ಹಣ. ಅದೇ ಅನುಭವಕ್ಕೆ ತೊಡೆಯ ನಡುವೆ ಪುಲ್‌ಬಾಯ್ (ಕಾಲು ತೇಲಿಸುವ ಫೋಮ್ ತುಂಡು) ಇಟ್ಟುಕೊಂಡು ಕೊಳದಲ್ಲಿ ಈಜಿದರೆ ಮುಕ್ಕಾಲು ಪಾಲು ಸಿಗುತ್ತದೆ. ರಬ್ಬರ್ ಹಗ್ಗದ ಅಭ್ಯಾಸ ಮಾತ್ರ ಉಳಿಯಿತು: ಎಷ್ಟು ಎಳೆದರೂ ಮುಂದೆ ಹೋಗದಿರುವುದನ್ನು ಸಹಿಸುವ ಮನಸ್ಸು ಕಡಲಲ್ಲಿ ಬೇಕೇ ಬೇಕು.

ಸೆಳೆತವನ್ನು ತಯಾರಿಸಲಾಗದು. ಬೆರಳೆಣಿಕೆಯ ಕಡಲ ಪ್ರವಾಸಗಳನ್ನು ಅದಕ್ಕೆಂದೇ ಮೀಸಲಿಟ್ಟೆ. ಅಲ್ಲಿ ಹೋಗಿ ದೂರ ಈಜುತ್ತಿರಲಿಲ್ಲ. ದಡದಿಂದ ಒಳಗೆ ಹೋಗುವುದು, ಮೊಣಕಾಲು ದಾಟಿದ ಮೇಲೆ ಬರುವ ಅಲೆಯ ಅಡಿಗೆ ಧುಮುಕಿ ಮರಳಿಗೆ ಕೈಯೂರುವುದು, ಹೊರಬರುವುದು, ಮತ್ತೆ ಒಳಗೆ. ಇದನ್ನೇ ನಲವತ್ತು ನಿಮಿಷ. ಉಳಿದ ಹೊತ್ತು ದಡದಲ್ಲಿ ಕುಳಿತು ನೋಡುವುದು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಅಲೆ ಒಡೆಯದೆ ಸುಮ್ಮನಿರುವಂತೆ ಕಾಣುವ ಓಣಿಯಲ್ಲಿ ಒಳಕ್ಕೆಳೆಯುವ ಸೆಳೆತ ಇರಬಹುದು. ಸಿಕ್ಕಿಕೊಂಡರೆ ಅದರೊಡನೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಆಚೆ ಬಂದು, ಆಮೇಲೆ ದಡದತ್ತ ತಿರುಗಬೇಕು.

ಉಬ್ಬರ ಇಳಿತದ ಲೆಕ್ಕ ಮನೆಯಲ್ಲೇ ಆಗುತ್ತದೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಆದ್ದರಿಂದ ದಿನಕ್ಕೆ ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಏರಿಳಿತ ದೊಡ್ಡದು. ಸ್ಪರ್ಧೆ ಬೆಳಗ್ಗೆ ಏಳಕ್ಕಿದ್ದರೆ, ಹಿಂದಿನ ದಿನ ಆರೂ ಹತ್ತಕ್ಕೆ ಅದೇ ದಡದಲ್ಲಿ ನಿಂತರೆ ಹೆಚ್ಚುಕಡಿಮೆ ಅದೇ ನೀರು ಕಾಣುತ್ತದೆ. ನಾನು ನೆನೆದು ಭಾರವಾದ ಮರದ ತುಂಡೊಂದನ್ನು ಅಲೆ ಒಡೆಯುವ ಗೆರೆಯ ಆಚೆ ಎಸೆದು, ಅದು ಪಕ್ಕಕ್ಕೆ ಸರಿಯುವುದರ ಜೊತೆಗೆ ದಡದಲ್ಲಿ ನಡೆದೆ. ಹಗುರವಾದ ವಸ್ತು ಬೇಡ, ಅದನ್ನು ಗಾಳಿ ಒಯ್ಯುತ್ತದೆ. ನಿಮಿಷಕ್ಕೆ ಹದಿನೈದು ಮೀಟರ್ ಸರಿಯಿತು. ನನ್ನ ಈಜು ನಿಮಿಷಕ್ಕೆ ನಲವತ್ತೈದು. ಅಂದರೆ ಮೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಪಕ್ಕಕ್ಕೆ. ಸ್ಪರ್ಧೆಯಲ್ಲಿ ಮೊದಲ ತೇಲುಗುರುತಿಗೆ ನೇರ ಹೋದವರೆಲ್ಲ ಕೊನೆಗೆ ಸೆಳೆತಕ್ಕೆ ಎದುರಾಗಿ ಹತ್ತಬೇಕಾಯಿತು. ನಾನು ಅದರ ಮೇಲ್ಗಡೆಗೆ ಗುರಿಯಿಟ್ಟು, ಹಿಂದಿನ ಎತ್ತರದ ಕಟ್ಟಡವೊಂದನ್ನು ನೋಡುತ್ತಾ ಹೋಗಿ ಸಲೀಸಾಗಿ ಸುತ್ತಿದೆ.

ವೆಟ್‌ಸೂಟ್ ಬಗ್ಗೆ ಎರಡು ಮಾತು. ಐರನ್‌ಮ್ಯಾನ್ ಎಂಬ ದೀರ್ಘ ಟ್ರಯಥ್ಲಾನ್ ಸರಣಿಯ ನಿಯಮದಂತೆ ವಯೋಗುಂಪಿನವರಿಗೆ (ವೃತ್ತಿಪರರಲ್ಲದವರಿಗೆ) ನೀರು 24.5 ಡಿಗ್ರಿಯವರೆಗೆ ಇದ್ದರಷ್ಟೇ ಅದು ಪೂರ್ತಿ ಸಲ್ಲುತ್ತದೆ. ಅದಕ್ಕಿಂತ ಬಿಸಿಯಿದ್ದಾಗ ತೊಟ್ಟರೆ ಬಹುಮಾನಕ್ಕೆ ಅರ್ಹತೆಯಿಲ್ಲ, ಇನ್ನೂ ಬಿಸಿಯಾದರೆ ತೊಡುವಂತೆಯೇ ಇಲ್ಲ. ತರಬೇತಿ ಕೊಡುತ್ತಿದ್ದವರ ಮಾತಿನ ಮೇಲೆ ಮೊದಲ ಖರೀದಿಯೇ ವೆಟ್‌ಸೂಟ್ ಆಯಿತು, ನಾನು ಇಳಿದ ಕಡಲು 27ರ ಹತ್ತಿರ. ಅರ್ಧ ಬೆಲೆಗೆ ಮಾರಿದೆ. ಹಿಂದಿನ ವರ್ಷಗಳ ನೀರಿನ ತಾಪ ನೋಡಿದ ಮೇಲೆಯೇ ಹಣ ಬಿಚ್ಚಿ.

ಕಡಲಿನಷ್ಟೇ ಕಾಡುವುದು ಸೆಕೆ. ಒಣ ಬಿಸಿಲಿಗೆ ಒಗ್ಗಿದ ದೇಹ ಅಲ್ಲಿ ಸೋಲುತ್ತದೆ, ಏಕೆಂದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಆರದ ಬೆವರು ತಂಪು ಮಾಡುವುದಿಲ್ಲ. ಬಿಸಿನೀರಿನ ವಿಧಾನವನ್ನು ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದರು: ಓಡಿದ ಕೂಡಲೇ 40 ಡಿಗ್ರಿ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ 40 ನಿಮಿಷದವರೆಗೆ ಕೂರುವುದು, ಸತತ ಆರು ದಿನ. ಸ್ನಾನ ಮಾಡಿ ಯಾರಾದರೂ ಮ್ಯಾರಥಾನ್ ಓಡುತ್ತಾರೆಯೇ ಎಂದು ಸೈಕಲ್ ಗುಂಪಿನಲ್ಲಿ ಕೇಳಿದರು. ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ಎದ್ದೆ, ಐದಾರು ದಿನದಲ್ಲಿ ನಲವತ್ತು ತಲುಪಿದೆ. ಅದೇ ವೇಗದ ಓಟಕ್ಕೆ ಎದೆಬಡಿತ ಎಂಟು ಹತ್ತು ಇಳಿಯಿತು, ಬೆವರು ಬೇಗ ಶುರುವಾಗತೊಡಗಿತು. ಆಮೇಲೆ ಮೂರು ದಿನಕ್ಕೊಮ್ಮೆ ಸ್ಪರ್ಧೆಯವರೆಗೆ ಉಳಿಸಿಕೊಂಡೆ. ಬಿಟ್ಟರೆ ಎರಡು ಮೂರು ವಾರದಲ್ಲಿ ಕರಗಿಹೋಗುತ್ತದೆ. ಉಷ್ಣಮಾಪಕ ಇಟ್ಟುಕೊಳ್ಳಿ, ಮನೆಯಲ್ಲಿ ಯಾರಾದರೂ ಇರುವಾಗ ಮಾಡಿ, ನಿಧಾನ ಏಳಿ. ಎದ್ದ ಕೂಡಲೇ ತಲೆ ಸುತ್ತುತ್ತದೆ. ಹೃದಯದ ತೊಂದರೆ ಇರುವವರು ಇದರ ಗೊಡವೆಗೆ ಹೋಗಬಾರದು.

ಇದರ ಜೊತೆಗೆ ಫ್ಯಾನ್ ನಿಲ್ಲಿಸಿ, ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿ ಟ್ರೇನರ್ ತುಳಿದೆ. ಮುಂಚೆ ಹಿಂದೆ ತೂಕ ನೋಡಿದರೆ ಗಂಟೆಗೆ 1.3 ಲೀಟರಿನಷ್ಟು ಬೆವರು. ಫ್ಯಾನ್ ಇದ್ದಾಗ ಮುಕ್ಕಾಲು ಲೀಟರ್. ಹೋದಷ್ಟನ್ನೂ ಕುಡಿಯಲು ಹೊರಟರೆ ಹೊಟ್ಟೆ ತುಂಬಿ ಕುಲುಕುತ್ತದೆ, ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ನಾನು ನಿಂತದ್ದು ಗಂಟೆಗೆ 750 ಮಿಲಿಯಲ್ಲಿ. ಆಹಾರ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್‌ನಿಂದ ಶುರುಮಾಡಿ 80ರವರೆಗೆ ಏರಿಸಿದೆ. ಬರೀ ಗ್ಲೂಕೋಸ್ ಆದರೆ ಕರುಳು ಅರವತ್ತರಾಚೆ ಹೀರುವುದಿಲ್ಲ, ಫ್ರಕ್ಟೋಸ್ ಬೇರೆ ದಾರಿಯಲ್ಲಿ ಹೋಗುವುದರಿಂದ ಎರಡನ್ನೂ ಬೆರೆಸಬೇಕು. ಮಾಲ್ಟೋಡೆಕ್ಸ್‌ಟ್ರಿನ್ (ಹೊಟ್ಟೆಯಲ್ಲಿ ಗ್ಲೂಕೋಸ್ ಆಗುವ ಪಿಷ್ಟದ ಪುಡಿ) ಎರಡು ಪಾಲು, ಫ್ರಕ್ಟೋಸ್ ಒಂದು ಪಾಲು, ಉಪ್ಪು. ಸಿದ್ಧ ಜೆಲ್‌ಗಳ ಐದನೇ ಒಂದು ಭಾಗದ ಖರ್ಚು. ಸಾದಾ ಸಕ್ಕರೆಯನ್ನೂ ಹಾಕಿ ನೋಡಿದೆ, ಶಕ್ತಿಗೆ ಸಾಲುತ್ತದೆ, ಆದರೆ ಉಪ್ಪು ಬಾಯಿಗೆ ಅಷ್ಟು ಸಿಹಿ ಸೇರಲಿಲ್ಲ. ನಾಲ್ಕು ಗಂಟೆಯ ಮೇಲೆ ಬಾಯಿ ಕಟ್ಟದಂತೆ ಇದಕ್ಕೆ ಸೇರಿಸುವ ಇನ್ನೊಂದು ಚಿಟಿಕೆ ಪದಾರ್ಥವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸೈಕಲ್‌ನಲ್ಲಿ ಹೇಳಬೇಕಾದ್ದು ಕಡಿಮೆ. ಏರಿಳಿತದ ರಸ್ತೆಯವರಿಗೆ ಕಡಲ ದಂಡೆಯ ಸಮತಟ್ಟು ಸುಲಭ ಎನಿಸುತ್ತದೆ, ಆದರೆ ಇಳಿಜಾರಿನ ಬಿಡುವೇ ಇಲ್ಲದೆ 180 ಕಿ.ಮೀ. ಒಂದೇ ಭಂಗಿಯಲ್ಲಿ ತುಳಿಯಬೇಕು. ಕಾಲಿಗಿಂತ ಮುಂಚೆ ಕುತ್ತಿಗೆ ಸೋಲುತ್ತದೆ. ಟ್ರೇನರ್ ಮೇಲೆ ಏರೋಬಾರ್ (ಮುಂದಕ್ಕೆ ಬಾಗಿ ಮೊಣಕೈ ಊರುವ ಹಿಡಿ) ಬಿಡದೆ ಮೂರು ನಾಲ್ಕು ಗಂಟೆ ಕೂರುವುದೊಂದೇ ಔಷಧ. ಎತ್ತರದ ಒಳನಾಡಿನವರು ಇನ್ನೊಂದನ್ನು ನೆನಪಿಡಬೇಕು: ಸಾವಿರ ಮೀಟರ್ ಎತ್ತರಕ್ಕಿಂತ ಕಡಲ ಮಟ್ಟದ ಗಾಳಿ ನೂರಕ್ಕೆ ಹತ್ತರಷ್ಟು ದಟ್ಟ, ತುಳಿಯುವ ಶಕ್ತಿ ಅದೇ ವ್ಯಾಟ್ ಇದ್ದರೂ ಗಂಟೆಗೆ ಒಂದು ಕಿಲೋಮೀಟರ್ ಕಡಿಮೆ ಸಿಗುತ್ತದೆ. ಅದನ್ನು ಹಿಂದಿರುಗಿ ಪಡೆಯಲು ಒತ್ತಿದರೆ ಮ್ಯಾರಥಾನ್‌ನಲ್ಲಿ ತೆರಬೇಕಾಗುತ್ತದೆ. ಹೊತ್ತೇರಿದಂತೆ ಕಡಲ ಗಾಳಿ ಅಡ್ಡ ಬೀಸುತ್ತದೆ. ಬಾಡಿಗೆಗೆ ತಂದ, ಅಡ್ಡಗಾಳಿ ಹಿಡಿಯುವ ಆಳದ ರಿಮ್‌ನ ಮುಂದಿನ ಗಾಲಿಯನ್ನು ಒಂದೇ ಸವಾರಿಯಲ್ಲಿ ವಾಪಸು ಕೊಟ್ಟೆ. ಸಮತಟ್ಟಿನಲ್ಲಿ ಗುಂಪು ಕಟ್ಟಿಕೊಳ್ಳುವವರಿಂದಲೂ ದೂರವಿರಿ: ಅಂತರ 12 ಮೀಟರ್, ದಾಟಲು 25 ಸೆಕೆಂಡ್, ಡ್ರಾಫ್ಟಿಂಗ್‌ಗೆ (ಮುಂದಿನವರ ಗಾಳಿಮರೆಯಲ್ಲಿ ತುಳಿಯುವುದಕ್ಕೆ) ಐದು ನಿಮಿಷದ ದಂಡ.

ಹಣದ ಲೆಕ್ಕ ಸ್ಥೂಲವಾಗಿ ಹೀಗೆ. ಒಟ್ಟು ಖರ್ಚಿನ ಮೂರನೇ ಒಂದು ಭಾಗ ಪ್ರಯಾಣ, ವಸತಿ ಮತ್ತು ಸೈಕಲ್ ಸಾಗಣೆಗೆ. ಕಾಲು ಭಾಗ ಪ್ರವೇಶ ಶುಲ್ಕಕ್ಕೆ. ಉಳಿದದ್ದು ಸಲಕರಣೆ, ಕೊಳ, ಆಹಾರ. ಸೈಕಲ್ ಸೆಕೆಂಡ್ ಹ್ಯಾಂಡ್. ಅದನ್ನು ನನ್ನ ಮೈಯಳತೆಗೆ ಹೊಂದಿಸಲು ಮಾಡಿಸಿದ ಬೈಕ್ ಫಿಟ್‌ನಷ್ಟು ಬೆಲೆಬಾಳಿದ್ದು ಇನ್ನೊಂದಿಲ್ಲ. ವಿಮಾನದಲ್ಲಿ ಕಳಿಸಿದಾಗ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಸಾಧನವನ್ನು ಹಿಡಿದಿಡುವ ಕೊಂಡಿ) ಬಾಗಿ ಬಂತು, ಚೀಲದಲ್ಲಿ ಇನ್ನೊಂದಿದ್ದುದರಿಂದ ಸ್ಪರ್ಧೆ ಉಳಿಯಿತು. ಅದರ ಬೆಲೆ ಒಂದು ಟೈರಿನಷ್ಟೂ ಇಲ್ಲ.

ಸ್ಪರ್ಧೆಯ ದಿನ ಅಲೆ ಮಧ್ಯಮ. ಮೊದಲ ಇನ್ನೂರು ಮೀಟರ್ ಗುಂಪಿನ ಹೊರಗಿನಿಂದ ಹೋದೆ, ನೀರಿಗೆ ದೀರ್ಘವಾಗಿ ಉಸಿರು ಬಿಡುವುದರ ಮೇಲಷ್ಟೇ ಗಮನ. ಎಡದಿಂದ ಅಲೆ ಬಂದಾಗ ಬಲಕ್ಕೆ, ಬಲದಿಂದ ಬಂದಾಗ ಎಡಕ್ಕೆ. ಎರಡು ಸಲ ಉಪ್ಪು ಬಾಯಿಗೆ ಬಂತು, ಉಗುಳಿ ಮುಂದೆ ಹೋದೆ. ಒಂದು ಗಂಟೆ ಇಪ್ಪತ್ತಾರು ನಿಮಿಷದ ಸುಮಾರಿಗೆ ದಡ, ಗಡುವು ಎರಡು ಗಂಟೆ ಇಪ್ಪತ್ತು. ಸೈಕಲ್ ಆರೂಕಾಲು ಗಂಟೆ. ಓಟ ನಾಲ್ಕೂ ಮುಕ್ಕಾಲು, ಮೂವತ್ತನೇ ಕಿಲೋಮೀಟರಿನವರೆಗೆ ಸಮವೇಗ, ಆಮೇಲೆ ನೀರು ಕೊಡುವ ಕಟ್ಟೆಗಳಲ್ಲಿ ಮಾತ್ರ ನಡಿಗೆ. ಎಲ್ಲ ಸೇರಿ ಹನ್ನೆರಡು ಗಂಟೆ ನಲವತ್ತು ಚಿಲ್ಲರೆ. ಚರ್ಮ ಒಂದೇ ಕಡೆ ಉರಿದದ್ದು, ಹಿಮ್ಮಡಿಯಲ್ಲಿ. ಅದೇ ವಸತಿಯಲ್ಲಿದ್ದ ಕರಾವಳಿಯ ಇಬ್ಬರು ನನ್ನ ಹಿಂದೆಯೇ ಮುಗಿಸಿದರು. ಅವರಲ್ಲೊಬ್ಬರು ಆ ರಾತ್ರಿ ಕೇಳಿದ್ದು ಬಕೆಟ್‌ಗೆ ಉಪ್ಪು ಎಷ್ಟು ಎಂದು.

ಮನೆಗೆ ಬಂದ ಮೇಲೆ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಬಿಚ್ಚಿ ಬೇರಿಂಗ್ ನೋಡಿದರೆ ಎರಡೇ ದಿನದ ಕಡಲ ಗಾಳಿಗೆ ತುಕ್ಕಿನ ಚುಕ್ಕೆ ಎದ್ದಿತ್ತು. ಗ್ರೀಸ್ ಬದಲಿಸಿದೆ, ಚೈನ್ ಹೊಸದು ಹಾಕಿದೆ. ಮುಂದಿನ ವರ್ಷ ತಣ್ಣೀರಿನ ಕಡಲು, ಹದಿನಾರು ಹದಿನೇಳು ಡಿಗ್ರಿ. ಆ ವೆಟ್‌ಸೂಟ್ ಕೊಂಡವರನ್ನು ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದ್ದೇನೆ, ಬಚ್ಚಲಿನ ಟಬ್ಬಿಗೆ ಈಗ ಮಂಜುಗಡ್ಡೆ ಬೀಳುತ್ತಿದೆ.